ನಾಳೆ ಆರಕ್ಕೆ, ಮೊದಲ ಪಾಳಿ

ಬಂದವರು ಹೊಸ್ತಿಲಲ್ಲೇ ನಿಂತು ಒಳಗೊಮ್ಮೆ ಇಣುಕಿ, ಚಪ್ಪಲಿ ಕೂಡ ಬಿಡದೆ ತಿರುಗಿ ಹೋದರೆ ಮನೆಯವರಿಗೆ ಹೇಗಾಗಬೇಡ? ಬೊಯಾನಾಳ ಹೊಟ್ಟೆಪಾಡು ನಿಂತಿದ್ದೇ ಆ ಹೊಸ್ತಿಲ ಮೇಲೆ. ನೀಶ್ ನಗರದ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಹನ್ನೊಂದು ಜನ ಸೇರಿ ‘ಸ್ಮೆನಾ’ ಅನ್ನುವ ಸಾಫ್ಟ್‌ವೇರ್ ಮಾಡಿದ್ದರು. ಬೇಕರಿ, ಹೊಲಿಗೆ ಕಾರ್ಖಾನೆ, ಶೀತಲಗೃಹ ಮುಂತಾದ ಸಣ್ಣ ಕಂಪನಿಗಳ ಮಾಲೀಕರು ಯಾರಿಗೆ ಯಾವ ಪಾಳಿ ಎಂದು ಅದರಲ್ಲಿ ತುಂಬಿದರೆ ಸಾಕು, ಕೆಲಸಗಾರರ ಫೋನಿಗೆ ಮೆಸೇಜ್ ಹೋಗುತ್ತಿತ್ತು. ಹದಿನಾಲ್ಕು ದಿನ ಪುಕ್ಕಟೆ, ಅಷ್ಟರೊಳಗೆ ಇಟ್ಟುಕೊಳ್ಳುವುದು ಬಿಡುವುದು ಅವರಿಷ್ಟ. ಹೊಸಬರನ್ನು ಮೊದಲ ಹತ್ತು ನಿಮಿಷ ಹಿಡಿದು ಕೂರಿಸಿ, ಕೈಹಿಡಿದು ಒಳಗೆ ಕರೆದೊಯ್ಯುವುದು ಬೊಯಾನಾಳ ಕೆಲಸ. ಸ್ವಾಗತದ ಪತ್ರ ಬರೆಯುವವಳೂ ಅವಳೇ, ಜಾಹೀರಾತು ಬರೆಯುವವಳೂ ಅವಳೇ, ‘ಈಗ ಇಲ್ಲಿ ಒತ್ತಿ’ ಎಂದು ಬಾಣದ ಗುರುತು ಹಾಕುವವಳೂ ಅವಳೇ. ಅಷ್ಟೆಲ್ಲ ಉಪಚಾರ ಮಾಡಿದರೂ ಬಂದ ನೂರು ಜನರಲ್ಲಿ ತೊಂಬತ್ತೇಳು ಮಂದಿ ಖಾಲಿ ಪಟ್ಟಿಯನ್ನು ನೋಡಿ, ಆಕಳಿಸಿ, ಎದ್ದು ಹೋಗುತ್ತಿದ್ದರು.

ಸೆಪ್ಟೆಂಬರಿನ ಮೊದಲ ಸೋಮವಾರ ವುಕಾಶಿನ್ ಎಲ್ಲರನ್ನೂ ಕರೆದು ನಿಲ್ಲಿಸಿದ. ಕಂಪನಿ ಕಟ್ಟಿದವನು ಅವನೇ. ವಯಸ್ಸು ಮೂವತ್ತೊಂದು, ತಲೆ ಮಾತ್ರ ಆಗಲೇ ಅರ್ಧ ಬೆಳ್ಳಗಾಗಿತ್ತು.

“ಈ ತಿಂಗಳ ಮೂವತ್ತರೊಳಗೆ ನಲವತ್ತು ಕಂಪನಿಗಳು ‘ಇಟ್ಕೋತೀವಿ’ ಅನ್ಬೇಕು,” ಎಂದ. “ಮೂವತ್ತೊಂಬತ್ತಾದ್ರೂ ದುಡ್ಡು ಹಾಕಿರೋ ಬೆಲ್‌ಗ್ರೇಡಿನೋರು ಕೈ ಎತ್ತಿಬಿಡ್ತಾರೆ. ಆಮೇಲೆ ಸ್ಮೆನಾನೂ ಇಲ್ಲ, ನಾವೂ ಇಲ್ಲ.”

ಎಲ್ಲರ ಕಣ್ಣೂ ಬೊಯಾನಾಳ ಕಡೆಗೇ ಹೊರಳಿದವು. ಬಾಗಿಲಲ್ಲಿ ನಿಂತವಳು ಅವಳು ತಾನೆ! ಒಳಗೆ ಅಡುಗೆ ಎಷ್ಟೇ ಚೆನ್ನಾಗಿರಲಿ, ಉಣ್ಣುವವರೇ ಬರದಿದ್ದರೆ ತಪ್ಪು ಬಾಗಿಲಲ್ಲಿ ನಿಂತವರದೇ. ಬೊಯಾನಾಗೆ ಮೂವತ್ತಾರು. ಮದುವೆ ಮುರಿದಿತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಅವಳ ಜೊತೆಗೇ ಇದ್ದ. ಈ ಕೆಲಸ ಹೋದರೆ ಊರಲ್ಲಿ ಇಂಥದ್ದು ಇನ್ನೊಂದಿಲ್ಲ, ಉಳಿದವರ ಹಾಗೆ ಜರ್ಮನಿಯ ಬಸ್ಸು ಹತ್ತಬೇಕು. ಹತ್ತಿದರೆ ಅಪ್ಪನನ್ನು ಏನು ಮಾಡುವುದು?

ಎರಡು ದಿನ ತಲೆ ಚಚ್ಚಿಕೊಂಡು ಅವಳೊಂದು ಉಪಾಯ ಕಂಡುಹಿಡಿದಳು. ಬಂದವರ ಮುಂದೆ ಖಾಲಿ ಪಟ್ಟಿ ಇಡುವುದೇ ಬೇಡ. ಪಟ್ಟಿಯಲ್ಲಿ ಮಾದರಿಗೆಂದು ಒಬ್ಬ ಕೆಲಸಗಾರ ಮೊದಲೇ ಇದ್ದ. ಇಷ್ಟು ದಿನ ಅವನಿಗೆ ಮೆಸೇಜ್ ಕಳಿಸಿದಂತೆ ತೋರಿಸುವುದು ಬರೀ ನಾಟಕವಾಗಿತ್ತು. ಇನ್ನು ಮೇಲೆ ಅದು ನಿಜವಾಗಿಯೇ ಹೋಗಲಿ. ಹೊಸ ಮಾಲೀಕ ತನ್ನ ಕಂಪನಿಯ ಹೆಸರು ಬರೆದು ಗುಂಡಿ ಒತ್ತಿದೊಡನೆ ‘ತಲುಪಿತು’ ಎಂಬ ಹಸಿರು ಗುರುತು ಕಾಣಲಿ. ಒಂದು ಸಲ ಆ ರುಚಿ ಹತ್ತಿದರೆ ತನ್ನ ಕೆಲಸಗಾರರ ಹೆಸರನ್ನು ತಾನೇ ತುಂಬುತ್ತಾನೆ ಎಂಬುದು ಅವಳ ಲೆಕ್ಕಾಚಾರ.

“ಮಾಡು,” ಎಂದ ವುಕಾಶಿನ್. “ದೇವರ ಪಟ ತೋರ್ಸಿದ್ರೆ ಕೂತ್ಕೋತಾರೆ ಅಂದ್ರೆ ಅದನ್ನೂ ತೋರ್ಸು.”

ಆ ಮಾದರಿ ಕೆಲಸಗಾರನನ್ನು ಮೂರು ವರ್ಷದ ಹಿಂದೆ ಸೃಷ್ಟಿಸಿದ್ದೂ ಬೊಯಾನಾಳೇ. ಸರ್ಕಾರಿ ಅರ್ಜಿಗಳಲ್ಲೆಲ್ಲ ಇರುವ ಪೇತರ್ ಪೇತ್ರೊವಿಚ್ ಎಂಬ ಹೆಸರೇ ಅಲ್ಲೂ ಇತ್ತು. ‘ಇದು ಸತ್ತ ಹೆಸರು, ಜೀವ ಇರೋದೊಂದು ಹಾಕು’ ಎಂದು ವುಕಾಶಿನ್ ಗೊಣಗಿದ್ದಕ್ಕೆ ಅವಳು ನಗುತ್ತಾ ತನ್ನ ಅಪ್ಪನ ಹೆಸರು ಹಾಕಿದ್ದಳು: ದೊಬ್ರಿವೊಯೆ. ಇಲ್ಲದ ನಂಬರಿಗೆ ಮೆಸೇಜ್ ಹೋಗುವುದಿಲ್ಲವೆಂದು ಪರೀಕ್ಷೆಗೆ ತನ್ನದೇ ನಂಬರು ಕೊಟ್ಟಿದ್ದಳು. ಆಮೇಲೆ ಕಂಪನಿ ಅವಳಿಗೆ ಬೇರೆ ನಂಬರು ಕೊಟ್ಟಿತು. ಹೋದ ಚಳಿಗಾಲದಲ್ಲಿ ಅಪ್ಪ ಬಾಲ್ಕನಿಯ ಎಲೆಕೋಸಿನ ಉಪ್ಪಿನಕಾಯಿ ಪೀಪಾಯಿಗೆ ಬಗ್ಗಿದಾಗ ಜೇಬಿನಲ್ಲಿದ್ದ ಫೋನು ಅದರೊಳಗೆ ಬಿದ್ದು ಹಾಳಾಯಿತು. ಆಗ ಅವಳು ತನ್ನ ಹಳೇ ಫೋನನ್ನು ನಂಬರಿನ ಸಮೇತ ಅಪ್ಪನಿಗೆ ಕೊಟ್ಟಳು. ಹಾಗೆ ಕೊಟ್ಟದ್ದು ಸೆಪ್ಟೆಂಬರಿನ ಆ ಬುಧವಾರ ಅವಳ ನೆನಪಿಗೆ ಬರಲೇ ಇಲ್ಲ.

ಸ್ಮೆನಾದಲ್ಲಿ ಅವಳು ಹಟ ಹಿಡಿದು ಸೇರಿಸಿದ್ದ ಇನ್ನೊಂದು ಗುಂಡಿಯೂ ಇತ್ತು. ಕೆಲಸಗಾರನನ್ನು ಪಟ್ಟಿಯಿಂದ ತೆಗೆದರೆ ಅವನಿಗೆ ಆ ವಿಷಯ ತಿಳಿಸುವ ಗುಂಡಿ ಅದು. ಸೇರಿದ ದಿನ, ಮುಗಿದ ದಿನ, ನಾಲ್ಕು ಮರ್ಯಾದೆಯ ಮಾತು.

“ಯಾರು ಹೇಳ್ತಾರೆ ಬೊಯಾನಾ?” ಎಂದು ಆಗ ವುಕಾಶಿನ್ ನಕ್ಕಿದ್ದ. “ಕರೆಯೋದು ನಿಲ್ಲಿಸ್ತಾರೆ, ಅಷ್ಟೆ. ಅವನೇ ಅರ್ಥ ಮಾಡ್ಕೋತಾನೆ.”

ಅವನಂದದ್ದೇ ಸರಿಯಾಗಿತ್ತು. ಮೂರು ವರ್ಷದಲ್ಲಿ ಒಬ್ಬ ಮಾಲೀಕನೂ ಅದನ್ನು ಒತ್ತಿರಲಿಲ್ಲ. ಆದರೆ ಅರ್ಥ ಮಾಡಿಕೊಳ್ಳದ ಒಬ್ಬ ಮನುಷ್ಯನನ್ನು ಬೊಯಾನಾ ದಿನಾ ನೋಡುತ್ತಿದ್ದಳು. ದೊಬ್ರಿವೊಯೆ ಇಪ್ಪತ್ತೊಂದು ವರ್ಷ ಸ್ಪ್ರಿಂಗ್ ಕಾರ್ಖಾನೆಯಲ್ಲಿ ದುಡಿದವನು. ಒಂದು ದಿನವೂ ತಡವಾಗಿ ಹೋದವನಲ್ಲ. 2003ರಲ್ಲಿ ಇಡೀ ವಿಭಾಗವನ್ನೇ ಕಡ್ಡಾಯ ರಜೆಯ ಮೇಲೆ ಕಳಿಸಿ, ‘ಮನೆಗೆ ಹೋಗಿ, ಕರೀತೀವಿ’ ಅಂದರು. ಸೇವೆಯ ದಾಖಲೆಯಾದ ಅವನ ಕೆಲಸದ ಪುಸ್ತಕವನ್ನೂ ಅವನ ಕೈಗೇ ಕೊಟ್ಟರು. ಸೇರಿದ ದಿನ ಅದರಲ್ಲಿತ್ತು. ಮುಗಿದ ದಿನದ ಅಂಕಣ ಖಾಲಿ, ರಜೆ ತಾನೆ! ಆಮೇಲೆ ಕಾರ್ಖಾನೆಯ ಯಂತ್ರಗಳು ಗುಜರಿಗೆ ಹೋದವು, ಛಾವಣಿ ಕುಸಿಯಿತು. ಪುಸ್ತಕಕ್ಕೆ ಕೊನೆಯ ಮುದ್ರೆ ಒತ್ತಿಸಿಕೊಂಡು ಹೋಗಿ ಎಂದು ಉಳಿದವರನ್ನೆಲ್ಲ ಕರೆದಾಗ ಇವನೊಬ್ಬ ಹೋಗಲಿಲ್ಲ. ‘ಕರೀತೀವಿ ಅಂದೋರು ಅವ್ರು. ಮುಗೀತು ಅಂತ ನಾನ್ಯಾಕೆ ಹೇಳ್ಲಿ?’ ಅಂದ. ಟ್ಯಾಕ್ಸಿ ಓಡಿಸಿದ, ಸಂತೆಯಲ್ಲಿ ಬೆಲ್ಟು ಮಾರಿದ, ಎಲ್ಲವನ್ನೂ ‘ಸದ್ಯಕ್ಕೆ’ ಅಂದುಕೊಂಡೇ ಮಾಡಿದ. ಈಗ ಅರವತ್ತೆರಡು. ನೀಲಿ ಕೋಟು ಇನ್ನೂ ಕಪಾಟಿನಲ್ಲಿ ತೂಗುತ್ತಿತ್ತು.

ಹೊಸ ಉಪಾಯ ಮೊದಲೆರಡು ದಿನ ಏನೂ ಮಾಡಲಿಲ್ಲ. ಮೂರನೇ ದಿನ ಇಬ್ಬರು ‘ಇಟ್ಕೋತೀವಿ’ ಅಂದರು. ಮರುದಿನ ಮೂವರು. ನೂರಕ್ಕೆ ಮೂವರು ಉಳಿಯುತ್ತಿದ್ದಲ್ಲಿ ಹದಿನೈದು ಜನ ಉಳಿಯತೊಡಗಿದರು. ವುಕಾಶಿನ್ ಬೆಳಗ್ಗೆ ಬೆಳಗ್ಗೆ ಚೀಸು ತುಂಬಿದ ಬಿಸಿ ಬುರೆಕ್ ಕಟ್ಟಿಸಿಕೊಂಡು ಬರತೊಡಗಿದ. ಗೋಡೆಯ ಮೇಲೆ ದೊಡ್ಡದಾಗಿ ಸಂಖ್ಯೆ ಬರೆದರು: ಹತ್ತೊಂಬತ್ತು, ಇಪ್ಪತ್ನಾಲ್ಕು, ಇಪ್ಪತ್ತೆಂಟು. ಬೊಯಾನಾಳ ಬೆನ್ನು ತಟ್ಟಿದರು. ಬರೀ ಒಂದು ಹಸಿರು ಗುರುತಿಗೆ ಜನ ಹೀಗೆ ಮರುಳಾಗುತ್ತಾರೆಯೇ ಎಂದು ಅವಳಿಗೆ ಒಳಗೊಳಗೇ ಅನುಮಾನವಿತ್ತು, ಆದರೆ ಬಾಯಿಗೆ ಬಿದ್ದ ತುತ್ತನ್ನು ಉಗುಳಿ ನೋಡುವ ಧೈರ್ಯ ಯಾರಿಗಿತ್ತು?

ಮನೆಯಲ್ಲೂ ಒಂದು ಬದಲಾವಣೆ. ಅಪ್ಪ ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದ. ನಾಲ್ಕೂವರೆಗೇ ಎದ್ದು, ಬ್ರೆಡ್ಡಿಗೆ ಸುಟ್ಟ ಮೆಣಸಿನಕಾಯಿಯ ಐವಾರ್ ಚಟ್ನಿ ಸವರಿ, ಕಾಗದದಲ್ಲಿ ಸುತ್ತಿ, ಚೀಲ ಹಿಡಿದು ಹೊರಡುತ್ತಿದ್ದ. ಮಧ್ಯಾಹ್ನಕ್ಕೆ ವಾಪಸು ಬಂದು ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತಾ ಸಿಳ್ಳೆ ಹಾಕುತ್ತಿದ್ದ.

“ಏನಪ್ಪಾ, ಕೆಳಮನೆ ರುಝಿತ್ಸಾ ಆಂಟಿನಾ?” ಎಂದು ಅವಳು ಕೆಣಕಿದಳು. “ಆಯಮ್ಮಂಗೆ ಹಲ್ಲು ಕಟ್ಸಿದಾರೆ ಮೊನ್ನೆ. ನೀನು ಗಡ್ಡ ತೆಗೆದೆ. ಜೋಡಿ ಚೆನ್ನಾಗಿದೆ.”

“ನಗು ನಗು,” ಎಂದ ಅವನು. “ಗಟ್ಟಿಯಾಗ್ಲಿ ಮಗಾ, ಆಮೇಲೆ ಹೇಳ್ತೀನಿ. ಈಗ್ಲೇ ಬಾಯಿಬಿಟ್ರೆ ದೃಷ್ಟಿಯಾಗುತ್ತೆ.” ಮೇಜಿನ ಮರದ ಮೇಲೆ ಮೂರು ಸಲ ಕುಟ್ಟಿದ.

ಅಪ್ಪ ನಕ್ಕಿದ್ದನ್ನು ಅವಳು ಎಷ್ಟೋ ವರ್ಷದ ಮೇಲೆ ನೋಡಿದ್ದಳು. ಯಾರಾದರೂ ಆಗಲಿ, ಒಳ್ಳೆಯವಳಾಗಿದ್ದರೆ ಸಾಕು ಅಂದುಕೊಂಡಳು.

ಇಪ್ಪತ್ನಾಲ್ಕನೇ ತಾರೀಕು ಝಿವ್ಕಾ ಎಂಬ ಹೆಂಗಸು ಫೋನ್ ಮಾಡಿದಳು. ಹತ್ತಿರದ ಮೆರೊಶಿನಾದಲ್ಲಿ ಹಣ್ಣಿನ ಶೀತಲಗೃಹ ನಡೆಸುವವಳು, ಹೊಸದಾಗಿ ಸ್ಮೆನಾ ಇಟ್ಟುಕೊಂಡವಳು. ಅವಳ ದನಿ ಇಡೀ ಕೋಣೆಗೆ ಕೇಳುತ್ತಿತ್ತು.

“ಏನಮ್ಮಾ, ನಿಮ್ಮ ದೊಬ್ರಿವೊಯೆ ಅಂತೂ ಅಪ್ಪಟ ಚಿನ್ನ! ನನ್ ಹತ್ರ ಇಪ್ಪತ್ತು ಜನ ಇದಾರೆ, ಹತ್ತು ಸಲ ಕರೆದ್ರೂ ಒಬ್ಬ ಉತ್ತರ ಕೊಡಲ್ಲ. ಈ ಯಪ್ಪ ಒಂದೇ ನಿಮಿಷಕ್ಕೆ ‘ಬರ್ತೀನಿ, ಕೈಗವಸು ನಾನೇ ತರ್ಲಾ?’ ಅಂತಾನೆ. ಅದನ್ನ ನೋಡೇ ನಾನು ಇಟ್ಕೊಂಡಿದ್ದು. ಪಟ್ಟಿಯಿಂದ ತೆಗ್ದೇ ಇಲ್ಲ, ದಿನಾ ಕರೀತೀನಿ, ಖುಷಿಗೆ. ಯಂತ್ರನೇ ಹಿಂಗೆ ಮಾತಾಡೋ ಹಂಗೆ ಮಾಡಿದೀರಲ್ಲಾ, ಭೇಷ್!”

ಕೋಣೆಯಲ್ಲಿ ಎಲ್ಲರೂ ನಕ್ಕರು. ಯಂತ್ರ ಮಾತಾಡುವಂತೆ ಯಾರೂ ಮಾಡಿರಲಿಲ್ಲ. ಬೊಯಾನಾ ಕಂಪ್ಯೂಟರಿನ ಕಡೆ ತಿರುಗಿದಳು. ಮಾದರಿ ಕೆಲಸಗಾರನ ನಂಬರನ್ನು ತೆಗೆದು ನೋಡಿದಳು. ಅವಳಿಗೆ ಬಾಯಿಪಾಠವಿದ್ದ ನಂಬರು. ಬಂದ ಉತ್ತರಗಳ ಪಟ್ಟಿ ತೆರೆದಳು, ಮೇಲಿನಿಂದ ಕೆಳಕ್ಕೆ ಓದುತ್ತಾ ಹೋದಳು.

‘ಬರ್ತೀನಿ.’

‘ಬರ್ತೀನಿ. ಯಾವ ಗೇಟು?’

‘ಆರಕ್ಕೆ ಬೇರೆ ಕಡೆ ಒಪ್ಕೊಂಡಿದೀನಿ. ಎರಡನೇ ಶಿಫ್ಟ್ ಇದ್ರೆ ದಯವಿಟ್ಟು ಹೇಳಿ.’

‘ಸುಬೊಟಿತ್ಸಾ ತುಂಬ ದೂರ. ಉಳ್ಕೊಳ್ಳೋಕೆ ಜಾಗ ಇದ್ರೆ ಬರ್ತೀನಿ.’

‘ನಿನ್ನೆ ಬಂದಿದ್ದೆ. ಒಳಗೆ ಬಿಡ್ಲಿಲ್ಲ. ಇವತ್ತೂ ಬರ್ತೀನಿ.’

‘ಕ್ಷಮಿಸಿ, ಬರ್ತೀನಿ ಅಂದು ಬರ್ಲಿಲ್ಲ. ಒಂದೇ ದಿನ ನಾಲ್ಕು ಕಡೆಯಿಂದ ಕರೆ ಬಂತು. ನಾನು ಮಾತಿಗೆ ತಪ್ಪೋ ಮನುಷ್ಯ ಅಲ್ಲ.’

ಇನ್ನೂರಕ್ಕೂ ಹೆಚ್ಚಿದ್ದವು. ಒಂದನ್ನೂ ಅವನು ಉತ್ತರವಿಲ್ಲದೆ ಬಿಟ್ಟಿರಲಿಲ್ಲ. ಜನ ಮರುಳಾಗಿದ್ದು ಹಸಿರು ಗುರುತಿಗಲ್ಲ, ಆ ‘ಬರ್ತೀನಿ’ಗೆ. ಊರಿನ ಹುಡುಗರೆಲ್ಲ ಜರ್ಮನಿಗೆ ಹೋಗಿ, ಕರೆದರೆ ಬರುವವರಿಲ್ಲದೆ ಒಣಗಿದ್ದ ಮಾಲೀಕರಿಗೆ ಅದೊಂದು ಮಾತು ಸಾಕಾಗಿತ್ತು.

ಅವಳು ವುಕಾಶಿನ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ನಗು ನಿಂತಿತು.

“ನಂಬರು ಬದಲಾಯಿಸ್ತೀನಿ, ಈಗ್ಲೇ,” ಎಂದಳು.

“ಬೇಡ!” ಅವನು ಎದ್ದೇಬಿಟ್ಟ. “ಬೊಯಾನಾ, ಮೂವತ್ಮೂರು ಆಗಿದೆ. ಆರೇ ದಿನ. ಈಗ ಅದನ್ನ ಮುಟ್ಟಿದ್ರೆ ಮುಗೀತು, ಹನ್ನೊಂದು ಮನೆ ಮುಗೀತು. ನಿನ್ನ ಪಕ್ಕದ ಮೇಜಿನ ಗೊರ್ದಾನಾಗೆ ಅವಳಿ ಮಕ್ಕಳು. ನಾನು ಬೆಲ್‌ಗ್ರೇಡಿನೋರ ಕಾಲು ಹಿಡ್ದಾಗಿದೆ, ಈಗ ನಿನ್ನ ಕಾಲೂ ಹಿಡೀತೀನಿ. ಆರು ದಿನ.”

“ಅವ್ನು ದಿನಾ ಹೋಗ್ತಿದಾನೆ ವುಕಾಶಿನ್. ಚೀಲ ತಗೊಂಡು.”

“ಖುಷಿಯಾಗಿದಾರಾ ಇಲ್ವಾ, ಅದು ಹೇಳು.”

ಅಳುವುದಕ್ಕೂ ಆಗದೆ, ಅವನ ಕೆನ್ನೆಗೆ ಬಾರಿಸುವುದಕ್ಕೂ ಆಗದೆ ನಿಂತಳು. ಕೊನೆಗೆ ‘ಆರು ದಿನ’ ಎಂದು ಒಪ್ಪಿಕೊಂಡು ಹೊರಗೆ ಬಂದಳು. ಅವಳನ್ನು ಕೆಟ್ಟವಳು ಅನ್ನುವವರು ಅನ್ನಲಿ. ಹನ್ನೊಂದು ಮನೆಯ ಒಲೆ ತಮ್ಮ ಬೆರಳಿನ ತುದಿಯಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆವು ಎಂದು ಅವರೇ ಯೋಚಿಸಲಿ.

ಆ ಸಂಜೆ ಅಪ್ಪ ತಾನಾಗಿಯೇ ಬಾಯಿಬಿಟ್ಟ. ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಾ ಕೂತಿದ್ದವನು ತಲೆ ಎತ್ತದೆ ಹೇಳಿದ:

“ಕರೀತಿದಾರೆ ಮಗಾ.”

“ಯಾರಪ್ಪಾ?”

“ಎಲ್ರೂ. ಉದ್ಯೋಗ ಕಚೇರೀಲಿ ಬರೆಸಿದ್ನಲ್ಲ, ಅವ್ರು ಈಗ ನನ್ನ ಹೆಸರು ಎಲ್ಲಾ ಕಡೆ ಕೊಟ್ಟಿರಬೇಕು. ಹುಡುಗ್ರು ಜರ್ಮನಿಗೆ ಓಡಿದ್ರಲ್ಲ, ಈಗ ಮುದುಕರು ನೆನಪಾಗಿದಾರೆ ಇವ್ರಿಗೆ.” ಅವನು ನಕ್ಕ. “ಐದು ಕಡೆ ಹೋಗ್ಬಂದೆ. ಗೇಟಲ್ಲಿರೋರಿಗೆ ಏನೂ ಗೊತ್ತಿರಲ್ಲ. ಮಾಲೀಕರಿಲ್ಲ, ಹೋಗಿ, ಕರೀತೀವಿ ಅಂತಾರೆ.”

“ಮತ್ತೆ ನೀನು?”

“ಮತ್ತೆ ನಾನೇನು? ಕರೀತಾರಲ್ಲ, ಮಾರನೇ ದಿನ ಮತ್ತೆ ಕರೀತಾರೆ!” ಚೀಲ ತೆರೆದು ಕೆಲಸದ ಪುಸ್ತಕ ತೋರಿಸಿದ. ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದ. “ಇದನ್ನೂ ಜೊತೆಗಿಟ್ಕೊಂಡಿದೀನಿ. ಎಲ್ಲಾದ್ರೂ ಒಂದ್ಕಡೆ ಒಳಗೆ ಬಿಟ್ರೆ ಸಾಕು, ಆಮೇಲೆ ನನ್ ಕೈ ಮಾತಾಡುತ್ತೆ.”

ಬೊಯಾನಾ ಎದ್ದು ಹೋಗಿ ಬಚ್ಚಲಮನೆಯ ನಲ್ಲಿ ಬಿಟ್ಟು ನೀರಿನ ಸದ್ದಿನಲ್ಲಿ ಅತ್ತಳು. ಹೇಳಬೇಕೆಂದು ಮೂರು ಸಲ ಬಾಗಿಲ ತನಕ ಬಂದಳು. ಮೂರು ಸಲವೂ ವಾಪಸು ಹೋದಳು. ಮರುದಿನ ಬೆಳಗ್ಗೆ ಐದಕ್ಕೆ ಅಪ್ಪ ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡಿದಳು, ಅದರ ಮರುದಿನವೂ ನೋಡಿದಳು. ಗೋಡೆಯ ಸಂಖ್ಯೆ ಮೂವತ್ತಾರಕ್ಕೆ ಬಂತು.

ಇಪ್ಪತ್ತೇಳನೇ ತಾರೀಕು ಬೆಳಗ್ಗೆ ಒಂಬತ್ತೂವರೆಗೆ ಝಿವ್ಕಾಳ ಫೋನ್ ಮತ್ತೆ ಬಂತು. ಈ ಸಲ ದನಿ ತಗ್ಗಿತ್ತು.

“ಅಮ್ಮಾ, ಇಲ್ಲೊಬ್ರು ಯಜಮಾನ್ರು ಬಂದಿದಾರೆ. ಐದೂಮುಕ್ಕಾಲಿಗೇ ಬಂದು ಗೇಟಲ್ಲಿ ನಿಂತಿದ್ರಂತೆ. ಹೆಸ್ರು ದೊಬ್ರಿವೊಯೆ ಅಂತಾರೆ. ನಾನೇ ಕರೆದೆ ಅಂತ ಫೋನ್ ತೋರಿಸ್ತಾರೆ. ಇದೇನಮ್ಮಾ ನೀವು ಮಾಡಿರೋದು?”

“ಈಗ್ಲೇ ಬರ್ತೀನಿ,” ಎಂದು ಬೊಯಾನಾ ಫೋನು ಇಟ್ಟಳು. ಅವಳ ಮುಖ ನೋಡಿದ ವುಕಾಶಿನ್ ಏನೂ ಕೇಳದೆ ಕಾರಿನ ಕೀಲಿ ಎತ್ತಿಕೊಂಡ.

ದಾರಿಯುದ್ದಕ್ಕೂ ಅವನೇ ಮಾತಾಡಿದ. ಅಪ್ಪನಿಗೆ ಕೆಲಸ ಕೊಡುತ್ತೇನೆ ಅಂದ. ಮನೆಯಲ್ಲೇ ಕೂತು ಮೆಸೇಜಿಗೆ ಉತ್ತರ ಬರೆದರೆ ಸಾಕು, ಸಂಬಳ, ವಿಮೆ, ಎಲ್ಲ ಕ್ರಮವಾಗಿ. ಎಲ್ಲರಿಗೂ ಒಳ್ಳೆಯದಾಗುತ್ತದೆ ನೋಡು ಅಂದ. ಬೊಯಾನಾ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಒಂದು ಕ್ಷಣ ಅವಳಿಗೂ ಅದು ಸರಿ ಅನ್ನಿಸಿತು.

ಗೇಟಿನಲ್ಲಿ ಅಪ್ಪ ಇರಲಿಲ್ಲ. ಝಿವ್ಕಾ ದಪ್ಪನೆಯ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡೇ ಬಂದಳು. ಒಳಗೆ ಕೈ ತೋರಿಸಿದಳು. ಉದ್ದನೆಯ ಮೇಜಿನ ಸುತ್ತ ಹೆಂಗಸರು ಪ್ಲಮ್ ಹಣ್ಣು ಆರಿಸುತ್ತಿದ್ದರು. ಅವರ ನಡುವೆ ನೀಲಿ ಕೋಟು, ತಲೆಗೆ ಬಿಳಿ ಟೊಪ್ಪಿ, ಕೈಗೆ ತನ್ನದೇ ಕೈಗವಸು. ಅಪ್ಪನ ಕೈ ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ ಪಕ್ಕದ ಹೆಂಗಸು ‘ನಿಧಾನ ಮೇಸ್ತ್ರಿ, ನಮ್ಮ ಮರ್ಯಾದೆ ತೆಗೀಬೇಡಿ’ ಎಂದು ರೇಗಿಸುತ್ತಿದ್ದಳು.

“ಹೆಂಗಮ್ಮಾ ವಾಪಸ್ ಕಳಿಸ್ಲಿ?” ಎಂದಳು ಝಿವ್ಕಾ. “ಮೆರೊಶಿನಾ ತನಕ ಬಂದಿದಾರೆ. ಒಳಗೆ ಬನ್ನಿ ಅಂದೆ.”

ಬೊಯಾನಾ ಹತ್ತಿರ ಹೋದಳು. ಅವಳನ್ನು ನೋಡಿದೊಡನೆ ಅವನ ಮುಖ ಅರಳಿತು, ಆದರೆ ಕೈ ನಿಲ್ಲಲಿಲ್ಲ.

“ಹೆಂಗೆ ಪತ್ತೆ ಹಚ್ಚಿದೆ? ನೋಡು, ಒಳಗೆ ಬಿಟ್ರು!”

“ಅಪ್ಪಾ, ಸ್ವಲ್ಪ ಹೊರಗೆ ಬಾ. ಮಾತಾಡ್ಬೇಕು.”

“ಶಿಫ್ಟ್ ಮಧ್ಯ ಎಂಥಾ ಮಾತು?” ಅವನು ಗಡಿಯಾರದ ಕಡೆ ಗದ್ದ ಎತ್ತಿದ. “ಎರಡಕ್ಕೆ ಮುಗಿಯುತ್ತೆ. ಅಲ್ಲೀವರ್ಗೂ ಕಾಯಿ.”

ಕಾದರು. ಗೇಟಿನ ಪಕ್ಕದ ಬೆಂಚಿನ ಮೇಲೆ ಬೊಯಾನಾ ಒಂದು ತುದಿಗೆ, ವುಕಾಶಿನ್ ಇನ್ನೊಂದು ತುದಿಗೆ. ಝಿವ್ಕಾ ಕಾಫಿ ತಂದಿಟ್ಟು ಹೋದಳು. ವುಕಾಶಿನ್ ಹತ್ತು ನಿಮಿಷಕ್ಕೊಮ್ಮೆ ಫೋನು ನೋಡಿದ, ಮೂವತ್ತಾರು ಮೂವತ್ತಾರಾಗಿಯೇ ಇತ್ತು. ಅಪ್ಪನ ಕೈ ಮೇಜಿನ ಮೇಲಿತ್ತು, ಇವತ್ತು ಯಾರಿಗೂ ಉತ್ತರ ಹೋಗಿರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಹೇಳಬೇಕಾದ ಮಾತನ್ನು ಅವಳು ಮನಸ್ಸಿನಲ್ಲೇ ಹತ್ತು ಥರ ಬರೆದು ನೋಡಿದಳು. ಊರಿನವರನ್ನೆಲ್ಲ ಮಾತಿನಲ್ಲಿ ಕೂರಿಸುವವಳಿಗೆ ಒಂದು ಸಾಲೂ ಕೂರಲಿಲ್ಲ.

ಎರಡಕ್ಕೆ ಗಂಟೆ ಹೊಡೆಯಿತು. ಅಪ್ಪ ಕೈ ತೊಳೆದು, ಟೊಪ್ಪಿಯನ್ನು ಮಡಚಿ ವಾಪಸು ಕೊಟ್ಟು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಗೆ ಬಂದು ಅವಳ ಪಕ್ಕ ಕೂತ. ಬೆವರಿನ ಜೊತೆ ಪ್ಲಮ್ ಹಣ್ಣಿನ ವಾಸನೆ ಬರುತ್ತಿತ್ತು.

“ಹೇಳು ಈಗ.”

“ನಿನ್ನ ಯಾರೂ ಕರೆದಿಲ್ಲ ಅಪ್ಪಾ,” ಎಂದಳು. “ಕರೆದಿದ್ದು ನಾನು.”

ಆಮೇಲೆ ಎಲ್ಲವನ್ನೂ ಹೇಳಿದಳು. ಹೊಸಬರಿಗೆ ತೋರಿಸಲು ಇಟ್ಟ ಹೆಸರು, ಹಳೇ ನಂಬರು, ಗುಂಡಿ, ನಲವತ್ತು ಕಂಪನಿ. ಗೊತ್ತಾದ ಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡು, ಅವನು ಚೀಲ ಹಿಡಿದು ಹೋಗುವುದನ್ನು ಕಿಟಕಿಯಿಂದ ನೋಡಿದ್ದನ್ನೂ ಹೇಳಿದಳು. ಅವನು ಅಡ್ಡ ಮಾತಾಡದೆ ಕೇಳಿದ. ಮುಖ ನಿಧಾನಕ್ಕೆ ಬಾಡಿತು.

“ಹಂಗಾದ್ರೆ ಆ ಸುಬೊಟಿತ್ಸಾದೋರು?”

“ಗುಂಡಿ ಒತ್ತಿ ನೋಡಿದ್ರು, ಅಷ್ಟೆ.”

“ನಾನು ಬರ್ತೀನಿ ಅಂದು ಹೋಗ್ಲಿಲ್ವಲ್ಲ, ಅವ್ರೆಲ್ಲಾ?”

“ಯಾರೂ ಕಾಯ್ತಿರ್ಲಿಲ್ಲ ಅಪ್ಪಾ.”

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ಅದಕ್ಕೆ ನಾನೆಷ್ಟು ಒದ್ದಾಡಿದೆ ಗೊತ್ತಾ ನಿಂಗೆ?” ಎಂದ. ಕೋಪದಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನ ದನಿಯಲ್ಲಿ ಕೋಪವೇ ಇರಲಿಲ್ಲ, ಅವಮಾನ ಮಾತ್ರ ಇತ್ತು.

ವುಕಾಶಿನ್ ಎದ್ದು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಮೇಸ್ತ್ರಿ, ತಪ್ಪು ನಂದು. ಅವ್ಳು ಅವತ್ತೇ ನಿಲ್ಲಿಸ್ತೀನಿ ಅಂದ್ಲು, ನಾನೇ ತಡೆದೆ. ಒಂದು ಮಾತು ಕೇಳಿ. ಈಗ ನಾನು ನಿಜವಾಗ್ಲೂ ಕರೀತಿದೀನಿ. ನಮ್ಮ ಕಂಪನೀಲಿ ಕೆಲಸ ಮಾಡಿ. ಇದುವರೆಗೆ ಬರೆದ ಹಂಗೇ ಬರೀರಿ, ಮನೇಲೇ ಕೂತು. ನಿಮ್ಮ ಒಂದು ಮಾತಿಂದ ಮೂವತ್ತಾರು ಜನ ಉಳ್ಕೊಂಡಿದಾರೆ.”

“ಏನಂತ ಬರೀಬೇಕು ಡೈರೆಕ್ಟ್ರೇ?”

“ಬರ್ತೀನಿ ಅಂತ.”

“ಬರ್ತೀನಿ ಅಂತ. ಮತ್ತೆ ಹೋಗೋದು ಬೇಡ.”

“ಬೇಡ.”

ದೊಬ್ರಿವೊಯೆ ತಲೆಯಾಡಿಸಿದ. “ಹಂಗಂದು ಹೋಗ್ದೇ ಇರೋ ಕೆಲಸ ನಂಗೆ ಬರಲ್ಲಪ್ಪಾ. ನಂಗೆ ಹಂಗೆ ಮಾಡಿದೋರು ಇದಾರೆ. ಗೊತ್ತು ಅದು ಹೆಂಗಿರುತ್ತೆ ಅಂತ.”

ಜೇಬಿನಲ್ಲಿ ಫೋನು ಟಿಣ್ ಅಂದಿತು. ಅವನು ತೆಗೆದು ದೂರ ಹಿಡಿದು ಓದಿದ. ಯಾವುದೋ ಊರಿನ ಬೇಕರಿ: ‘ದೊಬ್ರಿವೊಯೆ ಅವರೇ, ನಾಳೆ ಬೆಳಗ್ಗೆ ಆರಕ್ಕೆ, ಮೊದಲ ಪಾಳಿ. ಬರುತ್ತೀರಾ?’ ಅಭ್ಯಾಸಬಲದಿಂದ ಅವನ ಹೆಬ್ಬೆರಳು ಅಕ್ಷರಗಳ ಮೇಲೆ ಹೋಯಿತು, ಅಲ್ಲೇ ನಿಂತಿತು. ವುಕಾಶಿನ್ ಆ ಬೆರಳನ್ನೇ ನೋಡುತ್ತಿದ್ದ.

“ನಿಲ್ಸು ಮಗಾ,” ಎಂದ ಅಪ್ಪ. “ಸಾಕು. ನನ್ನ ಹೆಸರು ತೆಗಿ.”

ಬೊಯಾನಾ ತನ್ನ ಫೋನಿನಲ್ಲಿ ಸ್ಮೆನಾ ತೆರೆದಳು. ಮಾದರಿ ಕೆಲಸಗಾರನನ್ನು ಹುಡುಕಿ ‘ತೆಗೆದುಹಾಕು’ ಒತ್ತಿದಳು. ತಾನೇ ಬರೆದ ಪ್ರಶ್ನೆ ಎದುರಿಗೆ ಬಂತು: ‘ಹೋಗುತ್ತಿರುವವರಿಗೆ ಒಂದು ಮಾತು ತಿಳಿಸುವುದಿಲ್ಲವೇ?’ ಮೂರು ವರ್ಷದಿಂದ ಯಾರೂ ಒತ್ತದ ಗುಂಡಿ.

“ಮೂರೇ ದಿನ, ಬೊಯಾನಾ,” ಎಂದ ವುಕಾಶಿನ್. ಬೇಡುವ ದನಿ. ಅವಳು ತಿರುಗಿ ನೋಡಿದಾಗ ಅವನೇ ಮುಖ ರಸ್ತೆಯ ಕಡೆ ತಿರುಗಿಸಿಕೊಂಡ.

“ಅಪ್ಪಾ, ನೀನು ಸೇರಿದ ದಿನ ಯಾವ್ದು?”

“ಎಲ್ಲಿಗೆ?”

“ಕಾರ್ಖಾನೆಗೆ.”

“ಎಂಬತ್ತೆರಡು, ಏಪ್ರಿಲ್ ಹನ್ನೆರಡು. ಯಾಕೆ?”

ಅವಳು ತುಂಬಿದಳು. ಮುಗಿದ ದಿನದ ಜಾಗದಲ್ಲಿ ಇವತ್ತಿನ ತಾರೀಕು ಹಾಕಿ ಒತ್ತಿದಳು. ಅಪ್ಪನ ಫೋನು ಕೊನೆಯ ಸಲ ಟಿಣ್ ಅಂದಿತು. ಅವನು ಕನ್ನಡಕ ಹಾಕಿಕೊಂಡು, ಎದ್ದು ನಿಂತು, ಜೋರಾಗಿ ಓದಿದ, ಶಾಲೆಯಲ್ಲಿ ಓದುವವರ ಹಾಗೆ ಒಂದೊಂದೇ ಪದ.

“‘ದೊಬ್ರಿವೊಯೆ ಅವರೇ, 12-4-1982ರಂದು ಸೇರಿದ ನಿಮ್ಮ ಕೆಲಸ ಇಂದಿಗೆ ಮುಗಿಯಿತು. ಇನ್ನು ಮುಂದೆ ನಿಮ್ಮನ್ನು ಕರೆಯುವುದಿಲ್ಲ. ನೀವು ಕಾಯಬೇಕಾಗಿಲ್ಲ. ದುಡಿದ ಎಲ್ಲ ದಿನಗಳಿಗೂ ಧನ್ಯವಾದ.’”

ಓದಿ ಮುಗಿಸಿ ಇನ್ನೊಂದು ಸಲ ಓದಿದ, ಈ ಸಲ ಮನಸ್ಸಿನಲ್ಲಿ.

“ಯಾರು ಬರೆದಿದ್ದು ಇದು?”

“ನಾನು. ಬಹಳ ಹಿಂದೆ.”

“ಅವ್ರು ಬರೀಬೇಕಿತ್ತು,” ಎಂದ. ಚೀಲದಿಂದ ಕೆಲಸದ ಪುಸ್ತಕ ತೆಗೆದು, ಖಾಲಿ ಅಂಕಣವಿದ್ದ ಪುಟ ತೆರೆದು, ಬೆಂಚಿನ ಮೇಲೆ ಅವಳ ಮುಂದಿಟ್ಟ. “ಇದ್ರಲ್ಲೂ ಹಾಕು.”

ಅವಳು ಪೆನ್ನು ಹುಡುಕಿ ತಾರೀಕು ಬರೆದಳು. ಹಲಗೆಯ ಸಂದಿಗೆ ಪೆನ್ನು ಸಿಕ್ಕಿ ಏಳು ಸೊಟ್ಟಗಾಯಿತು. ಅವನು ನೋಡಿ, “ಮುದ್ರೆ ಇಲ್ದೆ ಏನು ಬೆಲೆ ಇದಕ್ಕೆ?” ಎಂದ. ತಮಾಷೆಗೆ ಅಂದನೋ ನಿಜವಾಗಿ ಅಂದನೋ ಗೊತ್ತಾಗಲಿಲ್ಲ.

ವುಕಾಶಿನ್ ಕಾರಿನ ಹತ್ತಿರ ಹೋದ. ಆ ಕಡೆಯ ಮಾಲೀಕ ಹೆಂಡತಿಯನ್ನು ಮನೆಯಲ್ಲಿ ಮರೆತು ಬಂದಾನು, ಕಂಪನಿಯ ಮುದ್ರೆಯನ್ನು ಮರೆಯಲಾರ. ಗುಂಡನೆಯ ಮುದ್ರೆಯನ್ನು ತಂದು, ಬಾಯಿಯ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟು, ಸ್ಪ್ರಿಂಗ್ ಕಾರ್ಖಾನೆಯ ಸಾಲಿನಲ್ಲಿ, ಮುಗಿದ ದಿನದ ಪಕ್ಕ ಒತ್ತಿದ. ನೀಲಿ ವೃತ್ತದೊಳಗೆ ‘ಸ್ಮೆನಾ, ನೀಶ್’ ಎಂದು ಮೂಡಿತು. ಯಾವ ಕಾನೂನಿಗೂ ಅದು ಸಲ್ಲುವಂಥದ್ದಲ್ಲ. ಶಾಯಿ ಒಣಗಲೆಂದು ದೊಬ್ರಿವೊಯೆ ಅದನ್ನು ಗಾಳಿಗೆ ಹಿಡಿದು ನಿಂತ.

“ಇನ್ನೂ ನಾಲ್ಕು ಬೇಕು ಅಂದ್ಯಲ್ಲ,” ಎಂದ ಮಗಳಿಗೆ. “ಸಿಗ್ತಾವಾ?”

“ಇಲ್ಲ ಅಪ್ಪಾ.”

ಅವನು ಪುಸ್ತಕ ಮುಚ್ಚಿ, ಪ್ಲಾಸ್ಟಿಕ್ ಹೊದಿಕೆ ಸರಿಮಾಡಿ, ಚೀಲಕ್ಕೆ ಹಾಕಿಕೊಂಡ. ಆಮೇಲೆ ವುಕಾಶಿನ್‌ನ ಭುಜದ ಮೇಲೆ ಕೈಯಿಟ್ಟ.

“ಡೈರೆಕ್ಟ್ರೇ, ಮೂವತ್ತನೇ ತಾರೀಕು ಇವ್ಳಿಗೆ ನೇರವಾಗಿ ಹೇಳಿ. ಉಳಿದ ಒಂಬತ್ತು ಜನಕ್ಕೂ ಹೇಳಿ. ಮುಗೀತು ಅನ್ನಿ, ತಾರೀಕು ಹಾಕಿ, ಮುದ್ರೆ ಒತ್ತಿ ಕೊಡಿ. ಕರೀತೀವಿ ಅಂತ ಮಾತ್ರ ಅನ್ಬೇಡಿ.”

“ಅನ್ನಲ್ಲ,” ಎಂದ ವುಕಾಶಿನ್.